ಟ್ರಿಪ್ಪಿನ ಲೆಕ್ಕಕ್ಕೆ ಸಿಗದ ಉಸುಕು

ತುಬಚಿಯಲ್ಲಿ ಯಾರೇ ಮನೆ ಕಟ್ಟಲು ಹೊರಟರೂ ಮೊದಲು ಕಟ್ಟೆಯ ಮೇಲೆ ಚರ್ಚೆಗೆ ಬರುವುದು ಉಸುಕಿನ ರೇಟು. ಹೊಳೆಸಾಲಿನ ಊರಲ್ಲಿದ್ದು ಉಸುಕಿಗೆ ರೊಕ್ಕ ಕೊಡುವುದೆಂದರೆ ನಮ್ಮ ಹಿರಿಯರಿಗೆ ಇವತ್ತಿಗೂ ಅವಮಾನ. ಅವರು ಕಂಡ ಕೃಷ್ಣೆ ಬೇಸಿಗೆಯಲ್ಲಿ ಪಾತ್ರವನ್ನೆಲ್ಲ ಉಸುಕಿಗೆ ಬಿಟ್ಟು ಒಂದು ಬದಿಗೆ ಸರಿದು ಮಲಗುತ್ತಿದ್ದಳಂತೆ. ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ವಂತಿಗೆ ಹಾಕಿ, ಮೈ ಮುರಿದು ದುಡಿದು ಬ್ಯಾರೇಜು ಕಟ್ಟಿದರು. ಅದರ ಕೆಳಗೆ ಆಲಮಟ್ಟಿ ಎದ್ದಿತು. ನೀರು ನಿಂತಿತು, ಕಬ್ಬು ಬಂತು. ಇದರ ಬಗ್ಗೆ ನನ್ನ ತಕರಾರಿಲ್ಲ. ಕಬ್ಬಿನ ಬಿಲ್ಲಿನಲ್ಲೇ ನಾನೂ ಓದಿದವನು. ಆದರೆ ಉಸುಕು ನಮ್ಮ ಕಣ್ಣಿಗೆ ಟ್ರ್ಯಾಕ್ಟರಿನಲ್ಲಿ ತುಂಬುವ ಮಾಲಾಗಿ ಉಳಿಯಿತೇ ಹೊರತು ಬೇರೇನೂ ಆಗಿ ಉಳಿಯಲಿಲ್ಲ.

ಈ ಕಣ್ಣನ್ನೇ ಹೊತ್ತುಕೊಂಡು ನಾವು ಹೊನ್ನಾವರದ ಕಾಸರಕೋಡಿಗೆ ಹೋಗಿದ್ದೆವು. ಜೊತೆಗಿದ್ದ ಮಾವ ಕಡಲಂಚಿನ ಮರಳ ದಿಬ್ಬ ನೋಡಿದವನೇ ನಿಂತುಬಿಟ್ಟ. ‘ಅಳಿಯಾ, ಇದು ಎಷ್ಟ್ ಟ್ರಿಪ್ ಆಕ್ಕೈತಿ? ನಮ್ ಕಡೆ ಇದ್ದಿದ್ರ ಒಂದ ರಾತ್ರ್ಯಾಗ ಸಾಫ್ ಆಗಿರ್ತಿತ್ತು!’ ಪಕ್ಕದಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬಳು ನಕ್ಕು, ‘ಮಳೆಗಾಲದಲ್ಲಿ ಬನ್ನಿ, ಅದು ಯಾಕಿದೆ ಅಂತ ಗೊತ್ತಾಗ್ತದೆ’ ಅಂದಳು.

ಮಾವನ ಲೆಕ್ಕ ಹೇಗೂ ಕೂಡುತ್ತಿರಲಿಲ್ಲ. ಕಡಲ ಉಸುಕಿನ ಉಪ್ಪು ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ತಿನ್ನುತ್ತದೆ. ಕರಾವಳಿ ನಿಯಂತ್ರಣ ವಲಯದ 2011ರ ಅಧಿಸೂಚನೆಯೂ 2019ರದೂ ಮರಳ ದಿಬ್ಬಗಳನ್ನು ಅತಿ ಬಿಗಿಯಾದ ಮೊದಲ ವರ್ಗದಲ್ಲೇ ಇಟ್ಟಿವೆ. ಆದರೆ ಆ ಹೆಂಗಸಿನ ಮಾತಿನಲ್ಲಿದ್ದದ್ದು ಕಾನೂನಲ್ಲ. ಮಳೆಗಾಲದ ತೆರೆಗಳು ದಡವನ್ನು ಕೆರೆದು ಉಸುಕನ್ನು ಒಳಗೆಳೆಯುತ್ತವೆ, ಕಡಲು ಶಾಂತವಾದ ಮೇಲಿನ ತೆರೆಗಳು ಬಹುಪಾಲನ್ನು ತಂದು ಸುರಿಯುತ್ತವೆ. ಒಣಗಿದ್ದನ್ನು ಗಾಳಿ ಮೇಲಕ್ಕೆ ತೂರುತ್ತದೆ. ಅಲ್ಲಿ ರಾವಣನ ಮೀಸೆ ಎಂಬ ಚುಚ್ಚುವ ಹುಲ್ಲು, ನೇರಳೆ ಹೂವಿನ ಬಂಗಡೆ ಬಳ್ಳಿ ಅದನ್ನು ತಡೆದು ಹಿಡಿಯುತ್ತವೆ. ದಿಬ್ಬವೆಂದರೆ ಕಡಲು ತಾನೇ ತನ್ನ ಹೆಸರಿನಲ್ಲಿ ಇಟ್ಟುಕೊಂಡ ಠೇವಣಿ. ಬಿರುಗಾಳಿ ಬಂದ ವರ್ಷ ಅದರಿಂದ ತೆಗೆಯುತ್ತದೆ, ಆಗ ಹಿಂದಿನ ಮನೆಗಳು ಉಳಿಯುತ್ತವೆ. ದಿಬ್ಬದ ಹಿಂದಿನ ಬಾವಿಯಲ್ಲಿ ಸಿಹಿನೀರು ನಿಲ್ಲುವುದೂ ಈ ಉಸುಕು ಮಳೆನೀರನ್ನು ಹಿಡಿದಿಟ್ಟುಕೊಳ್ಳುವುದರಿಂದಲೇ. ಕುಮಟೆಯ ಹಂದಿಗೋಣ, ಅಳ್ವೆಕೋಡಿಗಳ ಸಿಹಿ ಈರುಳ್ಳಿ ಬೆಳೆಯುವುದೂ ಕಡಲಂಚಿನ ಮರಳು ನೆಲದಲ್ಲೇ. ಆ ಈರುಳ್ಳಿಯ ಗೊಂಚಲನ್ನು ಮಾತ್ರ ಮಾವ ಚೌಕಾಶಿ ಮಾಡದೆ ಕೊಂಡ.

ದಿಬ್ಬವನ್ನು ಕಾಯಲು ಸರ್ಕಾರಕ್ಕೆ ಹೊಳೆದ ಉಪಾಯ ಗಾಳಿಮರ. ಕಾರವಾರಕ್ಕೆ ಅದು 1860ರ ದಶಕದಲ್ಲೇ ಬಂದದ್ದು, ಸೌದೆಗೆಂದು. ಗಾಳಿ ತಡೆಯುವುದು ನಿಜ, ಆದರೆ ಉದುರಿದ ಎಲೆಯ ಹಾಸಿನ ಕೆಳಗೆ ಹುಲ್ಲೂ ಬಳ್ಳಿಯೂ ಚಿಗುರುವುದು ಕಷ್ಟ. ಮೊಟ್ಟೆಯಿಡಲು ಬರುವ ಕಡಲಾಮೆಗೂ ಬಯಲು ಉಸುಕೇ ಬೇಕು. ಕಾಸರಕೋಡಿನ ಮೀನುಗಾರರು ಮೊಟ್ಟೆ ಕಂಡರೆ ಅರಣ್ಯ ಇಲಾಖೆಗೆ ತಿಳಿಸುತ್ತಾರೆ, ಸುತ್ತ ಬಲೆ ಕಟ್ಟುತ್ತಾರೆ. ಅಲ್ಲಿನ ಕಡಲತೀರಕ್ಕೆ 2020ರಲ್ಲಿ, ಸ್ವಚ್ಛ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು. ಬೆಂಚು, ಹುಲ್ಲುಹಾಸುಗಳಿಗಿಂತ ನನಗೆ ಆ ಬಲೆಯ ಬೇಲಿಯೇ ಹೆಚ್ಚು ಮನ್ನಣೆಗೆ ಅರ್ಹವೆನಿಸಿತು.

ಕಡಲು ನಮಗೆ ದೂರ ಅನ್ನುತ್ತೇವೆ, ಆದರೆ ಕೃಷ್ಣೆಗೆ ದೂರವಲ್ಲ. ತುಬಚಿಯನ್ನು ದಾಟಿದ ನೀರು ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿ ಸೇರಬೇಕು. ನದಿ ತಂದು ಸುರಿದ ಉಸುಕು, ಹೂಳುಗಳಿಂದಲೇ ಅಲ್ಲಿ ದಡ ಬೆಳೆದದ್ದು, ದಿಬ್ಬ ಎದ್ದದ್ದು. ಈಗ ಆಲಮಟ್ಟಿ, ನಾರಾಯಣಪುರ, ಜುರಾಲಾ, ಶ್ರೀಶೈಲ, ನಾಗಾರ್ಜುನಸಾಗರ ಇವೆಲ್ಲ ಪಾಲು ಹಿಡಿದ ಮೇಲೆ ಕಡಲಿಗೆ ತಲುಪುವುದು ಅಲ್ಪ, ದಡ ಕೆಲವೆಡೆ ಸವೆಯುತ್ತಿದೆ. ಅಣೆಕಟ್ಟು ಒಡೆಯಿರಿ ಎನ್ನುವ ಧೈರ್ಯ ನನಗಿಲ್ಲ. ಕಬ್ಬು ನಿಂತಿರುವುದೇ ಅವುಗಳ ಮೇಲೆ. ಆದರೆ ಅಣೆಕಟ್ಟಿನ ಕೈಗೆ ಸಿಗದೆ ಉಳಿದದ್ದನ್ನೂ ರಾತ್ರೋರಾತ್ರಿ ಎತ್ತಬೇಕಿಲ್ಲವಲ್ಲ. ಮನೆ ಕಟ್ಟುವವರೇ, ಕಲ್ಲು ಒಡೆದು ಮಾಡಿದ ಎಂ-ಸ್ಯಾಂಡಿಗೆ ಮೂಗು ಮುರಿಯಬೇಡಿ. ಗಿಲಾವಿಗೂ ಅದರದೇ ಸಣ್ಣ ಜಾತಿ ಬಂದಿದೆ, ಗೌಂಡಿಯನ್ನು ಒಮ್ಮೆ ಕೇಳಿ ನೋಡಿ.