ಸ್ಕೇಲು ಮನೆಯಲ್ಲೇ ಇರಲಿ!

ಭಾನುವಾರ ಬೆಳಿಗ್ಗೆ ಏಳು ಗಂಟೆ. ಮೈಸೂರಿನ ಚಿಕ್ಕ ಗಡಿಯಾರದ ಬಳಿ ನಿವೃತ್ತ ಡ್ರಾಫ್ಟ್ಸ್‌ಮನ್ ಒಬ್ಬರು ಮಡಿಸುವ ಸ್ಟೂಲು ಹಾಕಿಕೊಂಡು ಕುಳಿತಿದ್ದಾರೆ. ತೊಡೆಯ ಮೇಲೆ ರಟ್ಟಿನ ಪುಸ್ತಕ, ಕೈಯಲ್ಲಿ ಪೆನ್ನು. 1886ರಲ್ಲಿ ವೈಸರಾಯ್ ಲಾರ್ಡ್ ಡಫರಿನ್ ಮೈಸೂರಿಗೆ ಬಂದ ನೆನಪಿಗೆ ಎದ್ದ ಗೋಪುರವಿದು. ಇಲ್ಲಿಂದ ಧನ್ವಂತರಿ ರಸ್ತೆಯವರೆಗೆ, ಸಯ್ಯಾಜಿರಾವ್ ರಸ್ತೆಯ ಮಗ್ಗುಲಲ್ಲೇ ಚಾಚಿಕೊಂಡಿದೆ ದೇವರಾಜ ಮಾರುಕಟ್ಟೆ.

ಕಚೇರಿಯಲ್ಲಿ ಟಿ-ಸ್ಕ್ವೇರ್ ಹಿಡಿದು ಮೂವತ್ತು ವರ್ಷ ಗೆರೆ ಎಳೆದ ಕೈ ಅವರದು. ಮೊದಮೊದಲು ಇಲ್ಲಿಗೂ ಸ್ಕೇಲು, ರಬ್ಬರು ತಂದರು. ಕಮಾನು ಕಮಾನಿನಂತೆ, ಕಂಬ ಕಂಬದಂತೆ ಬಂದವು. ಆದರೆ ಚಿತ್ರ ನೋಡಿದರೆ ಮಾರುಕಟ್ಟೆಗೆ ಅಂದು ರಜೆ! ಒಂದು ಕಂಬ ತಿದ್ದಿ ಮುಗಿಸುವಷ್ಟರಲ್ಲಿ ಬಾಳೆಎಲೆಯ ಗಾಡಿ ಹೋಗಿಬಿಟ್ಟಿರುತ್ತಿತ್ತು. ನೆರಳೂ ಜಾಗ ಬದಲಿಸಿರುತ್ತಿತ್ತು.

ನೆರಳಿನ ಲೆಕ್ಕ ಶಾಲೆಯ ಮಕ್ಕಳೂ ಮಾಡಬಲ್ಲರು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ನಮ್ಮ ಕಣ್ಣಿಗೆ ಸೂರ್ಯಬಿಂಬದ ಅಗಲ ಸುಮಾರು ಅರ್ಧ ಡಿಗ್ರಿ. ಅಂದರೆ ಎರಡೇ ನಿಮಿಷಕ್ಕೆ ಸೂರ್ಯ ತನ್ನಷ್ಟೇ ಅಗಲ ಸರಿದಿರುತ್ತಾನೆ. ಅರ್ಧ ಗಂಟೆ ರಬ್ಬರು ಉಜ್ಜುತ್ತ ಕುಳಿತವನ ಚಿತ್ರದಲ್ಲಿ ಒಂದು ಕಂಬದ ನೆರಳು ಏಳು ಗಂಟೆಯದು, ಪಕ್ಕದ ಕಂಬದ್ದು ಏಳೂವರೆಯದು!

ಕಣ್ಣಿನದೂ ಇಂಥದೇ ಕಥೆ. ದೃಷ್ಟಿ ನೆಟ್ಟ ಕಡೆ, ಚಾಚಿದ ಕೈಯ ಹೆಬ್ಬೆರಳ ಉಗುರಿನಷ್ಟು ಜಾಗ ಮಾತ್ರ ನಿಚ್ಚಳವಾಗಿ ಕಾಣುತ್ತದೆ. ಸುತ್ತಲಿನದು ದೂರ ಹೋದಂತೆ ಮಬ್ಬು. ಪ್ರತಿಯೊಂದು ಇಟ್ಟಿಗೆಯನ್ನೂ ಒಂದೇ ಸ್ಪಷ್ಟತೆಯಲ್ಲಿ ಬರೆದರೆ ಅದು ಕಂಡದ್ದಲ್ಲ, ಎಣಿಸಿದ್ದು.

ಹೀಗಾಗಿ ಸ್ಕೇಲು, ರಬ್ಬರು ಮನೆಯಲ್ಲೇ ಉಳಿದವು. ಅವರ ಈಗಿನ ಕ್ರಮ ಸರಳ. ಕೈ ಸಡಿಲವಾಗಲೆಂದು ಮೊದಲಿಗೆ ಎರಡೆರಡು ನಿಮಿಷದ ನಾಲ್ಕು ಚಿತ್ರ. ಪೆನ್ನನ್ನು ಮೊನೆಯಿಂದ ದೂರಕ್ಕೆ ಹಿಡಿಯುವುದು. ಮಣಿಕಟ್ಟನ್ನು ಹಾಳೆಗೆ ಊರದೆ ಭುಜದಿಂದಲೇ ಕೈ ಆಡಿಸುವುದು. ಬೆರಳು ಎಳೆಯುವ ಗೆರೆ ಗಿಡ್ಡ, ಭುಜ ಎಳೆಯುವ ಗೆರೆ ಉದ್ದ. ಮೊದಲು ನೆರಳಿನ ಆಕಾರ, ಆಮೇಲೆ ಕಟ್ಟಡ. ನಿಂಬೆಹಣ್ಣಿನ ರಾಶಿಗೆ ಒಂದು ಸುತ್ತುಗೆರೆ, ಅಂಚಿನಲ್ಲಿ ಮೂರು ಹಣ್ಣು. ಮಿಕ್ಕದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ಗೆರೆ ತಪ್ಪಿದರೆ ಅಳಿಸುವ ಮಾತಿಲ್ಲ. ಪಕ್ಕದಲ್ಲೇ ಇನ್ನೊಂದು ಗೆರೆ. ಲಯ ತಿಳಿಯಬೇಕೆಂದು ಕಲಾವಿದ ಕೆ.ಕೆ. ಹೆಬ್ಬಾರರು ಕಥಕ್ ನೃತ್ಯವನ್ನೇ ಕಲಿತಿದ್ದರು. ಭಾನುವಾರದ ಚಿತ್ರಕಾರನಿಗೆ ಅಷ್ಟು ಬೇಡ, ಮಾರುಕಟ್ಟೆಯ ಗದ್ದಲವೇ ಸಾಕು.

ಈ ಅವಸರಕ್ಕೆ ಇನ್ನೊಂದು ಕಾರಣವೂ ಇದೆ. ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರಲ್ಲಿ ಇದೇ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಉರುಳಿಬಿತ್ತು. ಕೆಡವಿ ಕಟ್ಟಬೇಕೋ, ದುರಸ್ತಿ ಮಾಡಿ ಉಳಿಸಬೇಕೋ ಎಂಬ ವಾದ ವರ್ಷಗಟ್ಟಲೆ ಎಳೆಯಿತು. ಕಟ್ಟಡದ ಉದ್ದಗಲವನ್ನೇನೋ ನಕ್ಷೆಯಲ್ಲಿ ಹಿಡಿದಿಡಬಹುದು. ಆದರೆ ಹೂವಿನ ಸಾಲಿನ ಹೆಂಗಸು ಮಲ್ಲಿಗೆಯನ್ನು ಮೊಳ ಹಾಕುವಾಗ ಅವಳ ತೋಳು ಹೊರಳುವ ಬಗೆ ಯಾವ ನಕ್ಷೆಯಲ್ಲಿ ಸಿಕ್ಕೀತು?

ಎಂಟು ಗಂಟೆಯ ಹೊತ್ತಿಗೆ ಅವರು ಒಳಗೆ ಹೋಗಿ ಅದನ್ನೇ ಬರೆದರು. ಹೂವಾಡಗಿತ್ತಿ ಬಗ್ಗಿ ಪುಸ್ತಕ ನೋಡಿದಳು.

"ಮೊಕಾನೇ ಬರ್ದಿಲ್ವಲ್ಲ ಸಾಮಿ?"

ಮತ್ತೊಮ್ಮೆ ನೋಡಿ ನಕ್ಕಳು. "ಕೈ ಮಾತ್ರ ನಂದೇಯಾ."

ಪುಟದಲ್ಲಿದ್ದುದು ಏಳೆಂಟು ಗೆರೆ. ಒಂದೂ ನೆಟ್ಟಗಿರಲಿಲ್ಲ.

ನಿಮ್ಮೂರಲ್ಲೂ ಇಂಥದೊಂದು ಹಳೆಯ ಪೇಟೆ ಇದ್ದೀತು. ಮುಂದಿನ ಭಾನುವಾರ ಪೆನ್ನು, ನೋಟುಪುಸ್ತಕ ಹಿಡಿದು ಹೊರಡಿ. ಸ್ಕೇಲು ಮಾತ್ರ ಮನೆಯಲ್ಲೇ ಇರಲಿ.