ವಿದ್ಯಾರಣ್ಯಪುರಂನಲ್ಲಿ ಗರಗ ಹುಡುಕಿದ್ದು

ಮೈಸೂರಿನ ದಕ್ಷಿಣಕ್ಕಿರುವ ವಿದ್ಯಾರಣ್ಯಪುರಂ ಎಂದರೆ ಹೊರಗಿನವರಿಗೆ ನೆನಪಾಗುವುದು ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆ. 1912ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದದ್ದು. ಊರಿನವರಿಗೆ ನೆನಪಾಗುವುದು ಸೂಯೆಜ್ ಫಾರಂ ಮತ್ತು ಗಾಳಿ ತಿರುಗಿದಾಗ ಬರುವ ಅದರ ವಾಸನೆ. ಹೂ ನೋಡಲೆಂದು ಇಲ್ಲಿಗೆ ಯಾರೂ ಬರುವುದಿಲ್ಲ. ನಾನೂ ಅದಕ್ಕೆಂದು ಹೋದವನಲ್ಲ. ಅಕ್ಕನ ಮನೆಗೆ ಹೋದವನು ಸೊಪ್ಪಿನ ಜಗಳದಲ್ಲಿ ಸಿಕ್ಕಿಕೊಂಡೆ.

ಅಕ್ಕನ ಅತ್ತೆ ತಲೆಗೆ ಎಣ್ಣೆ ಕಾಯಿಸಲು ಗರಗದ ಸೊಪ್ಪು ತರಲು ಮೊಮ್ಮಗಳಿಗೆ ಹೇಳಿದ್ದರು. ಅವಳು ಪ್ರಥಮ ಪಿಯುಸಿ, ವಿಜ್ಞಾನದ ವಿದ್ಯಾರ್ಥಿನಿ. ರಸ್ತೆ ಬದಿಯಿಂದ ಒಂದು ಹಿಡಿ ಕಿತ್ತು ತಂದು ಜಗುಲಿಯ ಮೇಲಿಟ್ಟಳು. ಅಜ್ಜಿ ಒಂದು ಎಲೆ ತೆಗೆದು ಅಂಗೈಯಲ್ಲಿ ಹೊಸಕಿ, ಐದು ನಿಮಿಷ ಸುಮ್ಮನೆ ಕುಳಿತು, ಕೈ ಚಾಚಿ ತೋರಿಸಿದರು. ಅಂಗೈ ಹಸಿರಾಗಿಯೇ ಇತ್ತು. "ಇದು ಗರಗ ಅಲ್ಲ ಕಣೇ. ಗರಗವಾದರೆ ಕೈ ಕಪ್ಪಾಗಬೇಕು."

"ಬಿಳಿ ಹೂ ಇದೆಯಲ್ಲಜ್ಜಿ, ನೆಲದ ಮೇಲೆ ಹರಡಿದೆಯಲ್ಲ?" ಎಂದು ಹುಡುಗಿ ನನ್ನ ಕಡೆ ನೋಡಿದಳು. "ನೀವೇ ಹೇಳಿ ಮಾವ."

ಅವಳು ತಂದದ್ದು ಟ್ರೈಡಾಕ್ಸ್. ಕನ್ನಡದ ಸಸ್ಯ ಪುಸ್ತಕಗಳಲ್ಲಿ ಗಬ್ಬು ಶಾವಂತಿ. ಮಧ್ಯ ಅಮೆರಿಕದ ಕಡೆಯಿಂದ ಬಂದು ನಮ್ಮ ರಸ್ತೆ, ಮೈದಾನ, ಕಾಂಪೌಂಡುಗಳನ್ನೆಲ್ಲ ತನ್ನದಾಗಿಸಿಕೊಂಡ ಗಿಡ. ಗರಗವೂ ಅದೇ ಸೂರ್ಯಕಾಂತಿ ಕುಟುಂಬದ್ದು. ನಾವು ಒಂದು ಹೂ ಎನ್ನುವುದು ಈ ಕುಟುಂಬದಲ್ಲಿ ಹತ್ತಾರು ಪುಟ್ಟ ಹೂಗಳ ಗೊಂಚಲು. ದಳವೆಂದು ಕಾಣುವ ಒಂದೊಂದೂ ಒಂದು ಹೂ. ಹುಡುಗಿ ಅದನ್ನು ಪಠ್ಯದಲ್ಲಿ ಓದಿದ್ದಳು, ಕಣ್ಣಲ್ಲಿ ನೋಡಿರಲಿಲ್ಲ. ಸರಿ, ಭೂತಗನ್ನಡಿಯೊಂದನ್ನು ಜೇಬಿಗೆ ಹಾಕಿಕೊಂಡು ಇಬ್ಬರೂ ಹೊರಟೆವು.

ಒಣ ರಸ್ತೆಯಂಚಿನಲ್ಲಿ ಟ್ರೈಡಾಕ್ಸಿಗೇನೂ ಬರವಿಲ್ಲ. ಗೇಣುದ್ದದ ಬೋಳು ತೊಟ್ಟು, ಅದರ ತುದಿಯಲ್ಲಿ ಒಂಟಿ ಹೂ. ಸುತ್ತ ಐದಾರು ಅಗಲವಾದ ಕೆನೆಬಣ್ಣದ ದಳಗಳು, ಪ್ರತಿಯೊಂದರ ತುದಿಯಲ್ಲೂ ಮೂರು ಹಲ್ಲು. ನಡುವೆ ಹಳದಿ. ಎಲೆಗೆ ಒರಟು ಗರಗಸದಂಚು, ಮೈಯೆಲ್ಲ ರೋಮ. ಬಲಿತ ಹೂವನ್ನು ಊದಿದರೆ ಬೀಜಗಳು ಪುಕ್ಕದ ಕೊಡೆ ಹಿಡಿದು ಹಾರಿಹೋಗುತ್ತವೆ. ಹಳ್ಳಿಯ ಹುಡುಗರು ಮೊಣಕಾಲು ತರಚಿದಾಗ ಇದರ ಎಲೆಯ ರಸವನ್ನೇ ಗಾಯಕ್ಕೆ ಹಿಂಡುತ್ತಾರೆ. ಆದ್ದರಿಂದ ಇದನ್ನು ಬರೀ ಕಳೆ ಎಂದು ತಳ್ಳಲು ನನಗೆ ಮನಸ್ಸಿಲ್ಲ.

ಗರಗ ಸಿಕ್ಕಿದ್ದು ನೀರಿನ ಬಳಿ. ಬೀದಿ ನಲ್ಲಿಯ ಕೆಳಗೆ, ಸದಾ ಒದ್ದೆಯಾಗಿರುವ ಕಲ್ಲಿನ ಸಂದಿಯಲ್ಲಿ. ಕಾಂಡಕ್ಕೆ ನಸುಗೆಂಪು. ಎಲೆ ಕಿರಿದು, ಎದುರುಬದುರಾಗಿ, ಬಹುಮಟ್ಟಿಗೆ ತೊಟ್ಟಿಲ್ಲದೆ ಕಾಂಡಕ್ಕೇ ಅಂಟಿಕೊಂಡಂತಿತ್ತು. ಹೂ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ದೊಡ್ಡದು, ಎಲೆಯ ಬುಡದಲ್ಲಿ ಚಿಕ್ಕ ತೊಟ್ಟಿನ ಮೇಲೆ. ಬಿಳಿ ದಳಗಳು ಐದಾರಲ್ಲ, ನೂಲಿನೆಳೆಯಂತೆ ಲೆಕ್ಕಕ್ಕೆ ಸಿಗದಷ್ಟು. ನಡುವೆ ಹಳದಿಯಿಲ್ಲ, ಮಾಸಿದ ಬಿಳಿ. ಬೀಜಕ್ಕೆ ಹಾರುವ ಪುಕ್ಕವೂ ಇಲ್ಲ. ಹುಡುಗಿ ಒಂದು ಎಲೆ ಹೊಸಕಿದಳು. ಮನೆಯ ಬೀದಿಗೆ ತಿರುಗುವ ಹೊತ್ತಿಗೆ ಅವಳ ಬೆರಳು ಮಸಿ ಹಿಡಿದಂತೆ ಕಪ್ಪಾಗಿತ್ತು. ಇದಕ್ಕೆ ಕಾಡಿಗೆಗರಗ ಎಂಬ ಹೆಸರು ಯಾಕೆ ಬಂದಿರಬಹುದೆಂದು ಆಮೇಲೆ ಅವಳನ್ನು ಕೇಳುವ ಅಗತ್ಯ ಬೀಳಲಿಲ್ಲ.

ಗೊಂದಲ ಇನ್ನೊಂದಿದೆ. ಹಳದಿ ಹೂವಿನ ಗರಗವೂ ಉಂಟು, ಸಂಸ್ಕೃತದಲ್ಲಿ ಪೀತಭೃಂಗರಾಜ. ಅದರ ತೀರ ಹತ್ತಿರದ ನೆಂಟ, ಅಮೆರಿಕ ಮೂಲದ ಒಂದು ಹಬ್ಬು ಬಳ್ಳಿಯನ್ನು ಉದ್ಯಾನಗಳ ಅಂಚಿಗೆ ಅಲಂಕಾರಕ್ಕೆ ನೆಡುತ್ತಾರೆ. ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಬಳ್ಳಿಯ ಎಲೆಗೆ ಮೂರು ಹಾಲೆ, ನಾಡಿನದಕ್ಕೆ ಹಾಲೆಯಿಲ್ಲದ ಉದ್ದ ಎಲೆ. ಗುರುತಿಗೆ ಇಷ್ಟು ಸಾಕು. 1956ರಲ್ಲಿ ಮದರಾಸಿನ ಟಿ.ಆರ್. ಗೋವಿಂದಾಚಾರಿ ಮತ್ತು ಸಂಗಡಿಗರು ಈ ನಾಡಿನ ಹಳದಿ ಗರಗದಿಂದ ಒಂದು ರಾಸಾಯನಿಕವನ್ನು ಬೇರ್ಪಡಿಸಿ, ಅದರ ಆಗಿನ ಕುಲನಾಮ ವೆಡೇಲಿಯಾದಿಂದಲೇ ವೆಡೆಲೋಲ್ಯಾಕ್ಟೋನ್ ಎಂದು ಕರೆದರು. ಅದು ಬಿಳಿ ಗರಗದಲ್ಲೂ ಇದೆ. ಟ್ರೈಡಾಕ್ಸ್ ಬೆರೆತ ಸೊಪ್ಪು ಕೊಂಡವರು ದುಡ್ಡು ಕೊಟ್ಟದ್ದು ಬೇರೆ ಗಿಡಕ್ಕೇ.

ಸೂಯೆಜ್ ಫಾರಂ ಕಡೆಯ ಕಾಲುವೆಯ ದಡದಲ್ಲಿ ಗರಗ ಸೊಂಪಾಗಿ ಬೆಳೆದಿತ್ತು. ಹುಡುಗಿ ಇಳಿಯಲು ಹೊರಟಳು, ನಾನು ತಡೆದೆ. ಕೊಳಚೆ ನೀರಿನಲ್ಲಿ ಬೆಳೆದ ಗಿಡ ಆ ನೀರಿನಲ್ಲಿರುವ ಲೋಹಗಳನ್ನೂ ಹೀರಬಹುದು. ತಲೆಗೆ ಹಚ್ಚುವುದಿರಲಿ, ಅಜ್ಜಿಯಂತೆ ಒಂದೆರಡು ಎಲೆ ಚಟ್ನಿಗೂ ಹಾಕುವವರಿದ್ದಾರೆ. ಸರಿಯಾದ ಗಿಡ ತಪ್ಪಾದ ಜಾಗದಲ್ಲಿದ್ದರೆ ಬಿಟ್ಟು ಬರಬೇಕಾಗುತ್ತದೆ ಎಂಬುದನ್ನು ಅವಳಿಗೆ ಒಪ್ಪಿಸಲು ಗುರುತು ಹೇಳಿಕೊಟ್ಟದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ನಲ್ಲಿಯ ಬಳಿಯದನ್ನೇ ಎರಡು ಕಡ್ಡಿ ತಂದು, ಬಚ್ಚಲ ಹಿಂದಿನ ಕುಂಡದಲ್ಲಿ ಊರಿದೆವು. ಗರಗದ ಗೆಣ್ಣು ಒದ್ದೆ ಮಣ್ಣು ಮುಟ್ಟಿದರೆ ಬೇರು ಬಿಡುತ್ತದೆ. ಮುಂದಿನ ತಿಂಗಳು ಅಕ್ಕ ಫೋನಿನಲ್ಲಿ ಹೇಳಿದಳು: ಕುಂಡ ತುಂಬಿದೆಯಂತೆ, ಒಂದು ಸಲ ಎಣ್ಣೆಯೂ ಕಾಯಿಸಿಯಾಯಿತಂತೆ. ಅದೇ ಕುಂಡದ ಮೂಲೆಯಲ್ಲಿ ಎಲ್ಲಿಂದಲೋ ಹಾರಿಬಂದ ಟ್ರೈಡಾಕ್ಸೂ ಎದ್ದಿದೆ. ಕೀಳಲು ಹೋದ ಅಜ್ಜಿಯನ್ನು ಮೊಮ್ಮಗಳು ತಡೆದು, ದಳಗಳ ಹಲ್ಲು ಎಣಿಸಲು ಕೂರಿಸಿದಳಂತೆ.