ನನ್ನ ಸಾತ್ವಿಕ ಸಿಟ್ಟು

ನನಗೆ ಬರುವುದು ಸಾತ್ವಿಕ ಸಿಟ್ಟು, ಮಿಕ್ಕವರಿಗೆ ಬರುವುದು ಬರೀ ಸಿಟ್ಟು ಎಂದು ಬಹುಕಾಲ ನಂಬಿಕೊಂಡಿದ್ದೆ. ಆ ನಂಬಿಕೆಗೆ ಆಸರೆಯಾಗಿ ಒಂದು ಹಳೆಯ ಶಬ್ದವನ್ನೂ ಹುಡುಕಿಟ್ಟುಕೊಂಡಿದ್ದೆ: ಮನ್ಯು. ಋಗ್ವೇದದ ಹತ್ತನೇ ಮಂಡಲದ 83 ಮತ್ತು 84ನೇ ಸೂಕ್ತಗಳಿಗೆ ಮನ್ಯುವೇ ದೇವತೆ; ರೋಷವನ್ನೇ ದೇವರೆಂದು ಕರೆದು, ಕಾಳಗದಲ್ಲಿ ಜೊತೆಗಿರು ಎಂದು ಬೇಡುವ ಸೂಕ್ತಗಳವು. ಶ್ರೀರುದ್ರದ ಮೊದಲ ನಮಸ್ಕಾರ ಸಲ್ಲುವುದೂ ರುದ್ರನ ಮನ್ಯುವಿಗೇ. ಮಾಧ್ವರ ಮನೆಗಳಲ್ಲಿ ಮನ್ಯುಸೂಕ್ತದ ಪಾರಾಯಣ ಇವತ್ತಿಗೂ ಉಂಟು. ದುಶ್ಶಾಸನನ ಎದೆ ಬಗೆದ ಭೀಮ ಜಪಿಸಿದ್ದು ಅದನ್ನೇ ಎಂಬುದು ಆ ಪರಂಪರೆಯ ಮಾತು. ಇಷ್ಟು ದೊಡ್ಡವರ ಪಂಕ್ತಿಯಲ್ಲಿ ನನ್ನ ಕೋಪಕ್ಕೂ ಒಂದು ಎಲೆ ಹಾಕಿಬಿಟ್ಟಿದ್ದೆ.

ಪಕ್ಕದ ಮನೆಯಾಕೆಗೆ ವಿಧವಾ ವೇತನ ಬರುವುದು ನಿಂತಿತ್ತು. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಅದು ಗೊತ್ತಾದದ್ದು ಆಮೇಲೆ. ಆಕೆಯ ಜೊತೆ ಕಚೇರಿಗೆ ಹೋದೆ. ಗಾಜಿನ ಕಿಂಡಿಯ ಹಿಂದಿದ್ದ ಹುಡುಗ ‘ನಾಳೆ ಬನ್ನಿ’ ಎಂದ. ಅಷ್ಟೇ ಸಾಕಾಯಿತು. ಬಡವರ ಶಾಪ ತಟ್ಟುತ್ತದೆ ಎಂದೆಲ್ಲ ಕೂಗಾಡಿದೆ. ಯಾರೋ ಮೊಬೈಲ್ ಎತ್ತಿ ಹಿಡಿದದ್ದು ಕಂಡ ಮೇಲಂತೂ ನನ್ನ ದನಿ ಇನ್ನಷ್ಟು ಏರಿತು. (ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ.) ಹುಡುಗ ತಲೆ ತಗ್ಗಿಸಿ ಸ್ಟೇಪ್ಲರ್ ಒತ್ತುತ್ತಲೇ ಇದ್ದ. ಅದರಲ್ಲಿ ಪಿನ್ನೇ ಇರಲಿಲ್ಲ.

ಅವನು ಹೊರಗುತ್ತಿಗೆಯವನು. ಕಡತಕ್ಕೆ ಸಹಿ ಹಾಕಬೇಕಾದವರು ಒಳಕೋಣೆಯಲ್ಲಿದ್ದರು. ಆ ಬಾಗಿಲು ನನಗೆ ಕಾಣಲಿಲ್ಲವೆಂದಲ್ಲ. ಅಲ್ಲಿ ನನ್ನ ಗಂಟಲು ಅಷ್ಟು ಏರುತ್ತಿರಲಿಲ್ಲ, ಅಷ್ಟೆ.

ಬರುವಾಗ ಆಕೆ ಅಂದರು: “ನಿಮ್ಮ ಸಿಟ್ಟು ತೀರಿತು. ನಾಳೆ ಅವರ ಮುಖ ನೋಡಬೇಕಾದವಳು ನಾನು.”

ಮನ್ಯು ಹುಟ್ಟಿದ್ದು ‘ಮನ್’ ಧಾತುವಿನಿಂದ, ಅಂದರೆ ಯೋಚಿಸು ಎಂಬುದರಿಂದ. ಮನಸ್ಸು, ಮತಿ, ಮನನ ಎಲ್ಲ ಅದೇ ಬಳಗ. ಪಾರಸಿಗಳ ಅವೆಸ್ತಾದಲ್ಲಿ ಇದರ ದಾಯಾದಿ ಶಬ್ದ ‘ಮೈನ್ಯು’ವಿಗೆ ಚೇತನ ಎಂಬರ್ಥ, ಶುಭದ ಸ್ಪೆಂತ ಮೈನ್ಯುವೂ ಕೇಡಿನ ಅಂಗ್ರ ಮೈನ್ಯುವೂ ಅದೇ ಹೆಸರು ಹೊತ್ತಿವೆ. ಇನ್ನು ಅಮರಕೋಶ ಮನ್ಯುವಿಗೆ ಮೂರು ಅರ್ಥ ಕೊಡುತ್ತದೆ: ದೈನ್ಯ, ಯಜ್ಞ, ಕ್ರೋಧ. ನೂರು ಯಜ್ಞಗಳ ಇಂದ್ರ ಶತಮನ್ಯುವಾದದ್ದು ಎರಡನೆಯದರಿಂದ. ನಾನು ಕಣ್ಣುಹಾಯಿಸಿದ್ದು ಮೂರನೆಯದರ ಮೇಲೆ ಮಾತ್ರ. ದೈನ್ಯ ನನ್ನ ಪಕ್ಕದಲ್ಲೇ, ಸೆರಗಿನಲ್ಲಿ ಪಾಸ್‌ಬುಕ್ ಸುತ್ತಿಕೊಂಡು ನಿಂತಿತ್ತು.

ವೇತನ ಮತ್ತೆ ಶುರುವಾಯಿತು. ಹೆಸರು ತಿದ್ದಿಸಲು ಯಾವ ಕಾಗದ ಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟವನು ಅದೇ ಹುಡುಗನಂತೆ. ಆಕೆ ಈ ಸಲ ತಮ್ಮನ ಮಗನನ್ನು ಕರೆದುಕೊಂಡು ಹೋಗಿದ್ದರು. ನನಗೆ ಹೇಳಿದ್ದು ಕೆಲಸ ಆದ ಮೇಲೆ.